ಗಾಡಿ ಓಡಿಸಿದ್ದು ಯಾರು? ಬ್ರಿಟನ್ನಿನಲ್ಲಿ ಸ್ಪೀಡ್ ಕ್ಯಾಮೆರಾ ನೋಟಿಸ್ ಬಂದರೆ ಮಾಡಬೇಕಾದ್ದು

ಪಿಜ್ಜಾ ಅಂಗಡಿಯ ಕರಪತ್ರ, ಕೌನ್ಸಿಲ್‌ನ ಕಾಗದ, ಯಾರದೋ ಹಳೆಯ ಬಾಡಿಗೆದಾರರ ಹೆಸರಿಗೆ ಬಂದ ಬ್ಯಾಂಕ್ ಪತ್ರ. ಈ ರಾಶಿಯ ನಡುವೆ ಪೊಲೀಸರ ಲಕೋಟೆಯೊಂದಿದೆ ಎಂದು ನನ್ನ ಗೆಳೆಯನೊಬ್ಬನಿಗೆ ಗೊತ್ತಾಗುವಷ್ಟರಲ್ಲಿ ಐದು ವಾರ ಕಳೆದಿತ್ತು. ಗಂಟೆಗೆ 30 ಮೈಲಿ ಮಿತಿಯ ರಸ್ತೆಯಲ್ಲಿ 36ರಲ್ಲಿ ಹೋಗಿದ್ದ, ಅಷ್ಟೇ. ವೇಗದ ಬಗ್ಗೆ ಎಚ್ಚರ ಮೂಡಿಸುವ ಒಂದು ಕೋರ್ಸಿಗೆ ಕೂತು ಬಂದಿದ್ದರೆ ಮುಗಿಯುವ ಮಾತು. ಆದರೆ ತಡವಾಯಿತಲ್ಲ ಎಂದು ಹೆದರಿ, ಆಮೇಲೂ ಉತ್ತರ ಬರೆಯದೆ ಸುಮ್ಮನೆ ಕೂತ. ಸ್ಪೀಡಿಗೆ ಅಲ್ಲ, ಸುಮ್ಮನಿದ್ದದ್ದಕ್ಕೆ ಲೈಸೆನ್ಸಿನ ಮೇಲೆ ಆರು ಪಾಯಿಂಟ್ (ತಪ್ಪುಗಳ ಲೆಕ್ಕ) ಬಿತ್ತು. ಊರಲ್ಲಿ ಹದಿನೈದು ವರ್ಷ ಗಾಡಿ ಓಡಿಸಿದವನಾದರೂ ಇಲ್ಲಿಯ ಟೆಸ್ಟ್ ಪಾಸಾಗಿ ಒಂದು ವರ್ಷವೂ ತುಂಬಿರಲಿಲ್ಲ. ಲೈಸೆನ್ಸ್ ರದ್ದಾಯಿತು.

ಹಾಗಾಗಿ ಮೊದಲಿಗೆ ಒಂದು ಮಾತು. ಇಲ್ಲಿ ಇರುವುದು ಒಂದು ಅಪರಾಧವಲ್ಲ, ಎರಡು. ಮಿತಿ ಮೀರಿದ ವೇಗ ಒಂದು. ‘ಓಡಿಸಿದ್ದು ಯಾರು’ ಎಂಬ ಪ್ರಶ್ನೆಗೆ ಉತ್ತರ ಕೊಡದಿರುವುದು ಇನ್ನೊಂದು. ಮೊದಲನೆಯದಕ್ಕೆ ಸಾಮಾನ್ಯವಾಗಿ 100 ಪೌಂಡ್ ದಂಡ, 3 ಪಾಯಿಂಟ್. ಎರಡನೆಯದಕ್ಕೆ 1,000 ಪೌಂಡ್‌ವರೆಗೆ ದಂಡ, 6 ಪಾಯಿಂಟ್. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ತೆಗೆದುಕೊಳ್ಳುವುದು ಎಂದರೆ ಇದೇ.

ಇಲ್ಲಿ ಹೇಳುವುದೆಲ್ಲ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್‌ಗೆ ಸಂಬಂಧಿಸಿದ್ದು. ಸ್ಕಾಟ್ಲೆಂಡ್‌ನಲ್ಲಿ ನ್ಯಾಯಾಲಯದ ಕ್ರಮ ಬೇರೆ, ಆದರೆ ಚಾಲಕರ ಹೆಸರು ಹೇಳುವ ಕರ್ತವ್ಯ ಒಂದೇ. ಉತ್ತರ ಐರ್ಲೆಂಡ್‌ಗೆ ಬೇರೆಯೇ ಕಾನೂನಿದೆ.

ಲಕೋಟೆಯಲ್ಲಿ ಏನಿರುತ್ತದೆ

ಸಾಮಾನ್ಯವಾಗಿ ಒಂದೇ ಲಕೋಟೆಯಲ್ಲಿ ಎರಡು ವಿಷಯಗಳು ಬೆರೆತು ಬರುತ್ತವೆ. ಜನ ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಒಂದು, ‘ನೋಟಿಸ್ ಆಫ್ ಇಂಟೆಂಡೆಡ್ ಪ್ರಾಸಿಕ್ಯೂಷನ್’. ಎಲ್ಲರೂ ಎನ್‌ಐಪಿ ಎನ್ನುತ್ತಾರೆ. ಇಂಥ ದಿನ, ಇಂಥ ಜಾಗದಲ್ಲಿ, ಇಂಥ ನಂಬರಿನ ಗಾಡಿ ಇಷ್ಟು ವೇಗದಲ್ಲಿತ್ತು, ಮೊಕದ್ದಮೆ ಹೂಡುವ ಉದ್ದೇಶವಿದೆ ಎಂಬ ಮುನ್ಸೂಚನೆ ಅದು. ಇನ್ನೊಂದು, 1988ರ ರೋಡ್ ಟ್ರಾಫಿಕ್ ಆಕ್ಟ್‌ನ ಸೆಕ್ಷನ್ 172ರ ಪ್ರಕಾರ ಚಾಲಕ ಯಾರೆಂದು ತಿಳಿಸಿ ಎಂಬ ಬೇಡಿಕೆ. ಮೊದಲನೆಯದು ಮಾಹಿತಿ ಮಾತ್ರ. ಎರಡನೆಯದು ನೀವು ಪಾಲಿಸಲೇಬೇಕಾದ ಆದೇಶ.

ಇದು ದಂಡದ ಚೀಟಿಯಲ್ಲ. ಈ ಹಂತದಲ್ಲಿ ಯಾರೂ ನಿಮ್ಮಿಂದ ದುಡ್ಡು ಕೇಳುತ್ತಿಲ್ಲ. ಚೆಕ್ ಕಳಿಸಬೇಡಿ, ಲೈಸೆನ್ಸ್ ಕಳಿಸಬೇಡಿ, ‘ಆ ಬೋರ್ಡು ಮರದ ಹಿಂದಿತ್ತು’ ಎಂದು ಮೂರು ಪುಟ ಬರೆಯಲೂ ಬೇಡಿ. ಕೇಳಿರುವುದು ಒಂದೇ ಪ್ರಶ್ನೆ. ವಾದವಿದ್ದರೆ ಅದಕ್ಕೆ ಮುಂದೆ ಜಾಗವಿದೆ. (ಮೊದಲ ನೋಟಿಸ್ ಬರುವುದು ಅಂಚೆಯಲ್ಲಿ. ಲಿಂಕ್ ಒತ್ತಿ ದಂಡ ಕಟ್ಟಿ ಎಂದು ಮೊಬೈಲಿಗೆ ಸಂದೇಶ ಬಂದರೆ ಅದು ಮೋಸ ಎಂದುಕೊಂಡು ಅಳಿಸಿಬಿಡಿ.)

ಮೊದಲ ಹೆಜ್ಜೆ: ದಿನ ಎಣಿಸಿ

ಮೂರು ದಿನಾಂಕಗಳನ್ನು ಲಕೋಟೆಯ ಮೇಲೆಯೇ ಬರೆದುಕೊಳ್ಳಿ: ಅಪರಾಧ ನಡೆದದ್ದೆಂದು ಹೇಳಿರುವ ದಿನ, ನೋಟಿಸಿನ ಮೇಲಿನ ದಿನ, ಅದು ನಿಮ್ಮ ಕೈಗೆ ಬಂದ ದಿನ.

ಗಾಡಿಯ ನೋಂದಾಯಿತ ‘ಕೀಪರ್’ (ನೋಂದಣಿ ಪತ್ರದಲ್ಲಿ ಹೆಸರಿರುವವರು) ಅಥವಾ ಚಾಲಕರಿಗೆ ಎನ್‌ಐಪಿ 14 ದಿನಗಳೊಳಗೆ ತಲುಪಬೇಕು. ಘಟನೆಯ ದಿನವನ್ನು ಎಣಿಸುವುದಿಲ್ಲ. ಜೂನ್ 1ರಂದು ಕ್ಯಾಮೆರಾ ಮಿಂಚಿದ್ದರೆ ಜೂನ್ 15ರೊಳಗೆ ತಲುಪಬೇಕು. ಅವರು ಪೋಸ್ಟ್ ಮಾಡಿದರೆ ಸಾಲದು, ತಲುಪಿರಬೇಕು. 2009ರಲ್ಲಿ ಇಂಥದೊಂದು ಪ್ರಕರಣ ಹೈಕೋರ್ಟಿಗೆ ಹೋಗಿತ್ತು. ಅಂಚೆ ಮುಷ್ಕರದಿಂದಾಗಿ ನೋಟಿಸ್ 16ನೇ ದಿನ ತಲುಪಿದ್ದ ಚಾಲಕನ ಪರವಾಗಿ ತೀರ್ಪು ಬಂತು. ಆದರೆ ಫಸ್ಟ್ ಕ್ಲಾಸ್ ಅಂಚೆಯಲ್ಲಿ ಕಳಿಸಿದ್ದು ಎರಡು ಕೆಲಸದ ದಿನಗಳಲ್ಲಿ ತಲುಪಿತೆಂದೇ ಊಹಿಸಲಾಗುತ್ತದೆ. ಇಲ್ಲ ಎಂದು ತೋರಿಸುವ ಹೊಣೆ ನಿಮ್ಮದು.

‘14 ದಿನ ದಾಟಿದರೆ ಬಚಾವ್’ ಎಂದು ವಾಟ್ಸಾಪ್ ಗುಂಪುಗಳಲ್ಲಿ ಓಡಾಡುವ ಮಾತಿಗೆ ಹಲವು ಬಾಲಗಳಿವೆ. 14 ದಿನದ ಲೆಕ್ಕ ಮೊದಲ ನೋಟಿಸಿಗೆ ಮಾತ್ರ. ಗಾಡಿ ಲೀಸಿನದೋ, ಕಂಪನಿಯದೋ, ಬಾಡಿಗೆಯದೋ ಆಗಿದ್ದರೆ ಮೊದಲ ನೋಟಿಸ್ ಆ ಸಂಸ್ಥೆಗೆ ಹೋಗಿ, ಅವರು ನಿಮ್ಮ ಹೆಸರು ಹೇಳಿ, ನಿಮಗೆ ಬರುವಾಗ ತಿಂಗಳೇ ಕಳೆದಿರಬಹುದು. ಅದು ಸಿಂಧು. ಸ್ಥಳದಲ್ಲೇ ಪೊಲೀಸರು ನಿಲ್ಲಿಸಿ ಬಾಯಿಮಾತಿನಲ್ಲಿ ಎಚ್ಚರಿಸಿದ್ದರೆ ಕಾಗದವೇ ಬೇಕಿಲ್ಲ. ಮನೆ ಬದಲಿಸಿ ಡಿವಿಎಲ್‌ಎಗೆ (ಲೈಸೆನ್ಸ್, ಗಾಡಿ ನೋಂದಣಿ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ) ತಿಳಿಸದೆ ಇದ್ದು, ನೋಟಿಸ್ ಹಳೆಯ ವಿಳಾಸಕ್ಕೆ ಹೋಗಿದ್ದರೂ 14 ದಿನದ ಮಾತು ಕೆಲಸಕ್ಕೆ ಬಾರದು, ತಡವಾದದ್ದು ನಿಮ್ಮಿಂದಲೇ ತಾನೆ?

ಎಲ್ಲಕ್ಕಿಂತ ದೊಡ್ಡ ಬಲೆ ಬೇರೆಯೇ ಇದೆ. ನೋಟಿಸ್ ನಿಜವಾಗಿಯೂ ತಡವಾಗಿ ಬಂದಿದ್ದರೂ ಸೆಕ್ಷನ್ 172ರ ಪ್ರಶ್ನೆಗೆ ಉತ್ತರ ಕೊಡಲೇಬೇಕು. ತಡವಾದದ್ದು ಸ್ಪೀಡಿನ ಆರೋಪಕ್ಕೆ ಗುರಾಣಿ, ಉತ್ತರಿಸದೆ ಇರುವುದಕ್ಕೆ ಅಲ್ಲ. ‘ನೋಟಿಸೇ ಸಿಂಧುವಲ್ಲ’ ಎಂದು ಅದನ್ನು ಕಸದ ಬುಟ್ಟಿಗೆ ಹಾಕಿದವರು ಗೆಲ್ಲಬಹುದಾಗಿದ್ದ ಪ್ರಕರಣವನ್ನು ಬಿಟ್ಟು ಸೋಲುವ ಪ್ರಕರಣವನ್ನು ಮೈಮೇಲೆ ಎಳೆದುಕೊಳ್ಳುತ್ತಾರೆ.

ನಿಮ್ಮ ಗಡುವು 28 ದಿನ, ನೋಟಿಸ್ ನಿಮಗೆ ಜಾರಿಯಾದ ದಿನವನ್ನೂ ಸೇರಿಸಿ. ಅಷ್ಟರೊಳಗೆ ಉತ್ತರ ಅವರಿಗೆ ತಲುಪಿರಬೇಕು.

ಎರಡನೆಯ ಹೆಜ್ಜೆ: ನೀವು ಯಾರಾಗಿ ಉತ್ತರಿಸುತ್ತಿದ್ದೀರಿ

ಕಾನೂನು ಇಬ್ಬರನ್ನು ಬೇರೆ ಬೇರೆ ಅಳತೆಯಲ್ಲಿ ಅಳೆಯುತ್ತದೆ. ಗಾಡಿಯನ್ನು ಇಟ್ಟುಕೊಂಡವರು ಚಾಲಕ ಯಾರೆಂದು ಹೇಳಬೇಕು. ಗೊತ್ತಿಲ್ಲದಿದ್ದರೆ ಹುಡುಕಿ ಹೇಳಬೇಕು. ಉಳಿದವರು, ಉದಾಹರಣೆಗೆ ಕೀಪರ್ ತನ್ನ ಉತ್ತರದಲ್ಲಿ ಹೆಸರಿಸಿದ ಗೆಳೆಯ, ತಮಗೆ ಕೊಡಲು ಸಾಧ್ಯವಿರುವ, ಚಾಲಕನನ್ನು ಗುರುತಿಸಲು ನೆರವಾಗುವ ಮಾಹಿತಿ ಕೊಟ್ಟರೆ ಸಾಕು. ಹೊರೆ ಹೆಚ್ಚಿರುವುದು ಕೀಪರ್ ಮೇಲೆ.

ಕೀಪರ್ ಎಂದರೆ ಮಾಲೀಕ ಎಂದಲ್ಲ. ವಿ5ಸಿ ಎಂಬ ಲಾಗ್ ಬುಕ್ಕಿನಲ್ಲಿ, ಅಂದರೆ ಗಾಡಿಯ ನೋಂದಣಿ ಪತ್ರದಲ್ಲಿ, ಯಾರ ಹೆಸರಿದೆಯೋ ಅವರು ನೋಂದಾಯಿತ ಕೀಪರ್. ದುಡ್ಡು ಕೊಟ್ಟವರು ಬೇರೆ ಇರಬಹುದು. ನಮ್ಮ ಮನೆಗಳಲ್ಲಿ ಇದು ಸಾಮಾನ್ಯ. ಗಾಡಿ ಗಂಡನ ಹೆಸರಿನಲ್ಲಿ, ಮಕ್ಕಳನ್ನು ಶಾಲೆಗೆ ಬಿಡಲು ದಿನಾ ಓಡಿಸುವುದು ಹೆಂಡತಿ. ಆಗ ಕಾಗದ ಗಂಡನಿಗೆ ಬರುತ್ತದೆ, ಅವನು ಉತ್ತರಿಸಬೇಕು. ಹೆಂಡತಿಯ ಹೆಸರು ಬರೆದ ಮೇಲೆ ಅವಳ ಹೆಸರಿಗೆ ಇನ್ನೊಂದು ಕಾಗದ ಬರುತ್ತದೆ, ಅದಕ್ಕೆ ಅವಳೇ ಉತ್ತರಿಸಬೇಕು. ‘ಒಂದಕ್ಕೆ ಉತ್ತರ ಕೊಟ್ಟಾಯಿತಲ್ಲ’ ಎಂದು ಎರಡನೆಯದನ್ನು ಬಿಟ್ಟು ಸಿಕ್ಕಿಬೀಳುವವರು ಕಡಿಮೆಯಿಲ್ಲ. ಇವರ ನಮೂನೆಯನ್ನು ಅವರು ತುಂಬಿ ಸಹಿ ಹಾಕುವುದೂ ಬೇಡ.

ಗಾಡಿ ಮಾರಿಯಾಗಿದ್ದರೆ ‘ಮಾರಿದೆ’ ಎಂದಷ್ಟೇ ಬರೆಯಬೇಡಿ. ಯಾರಿಗೆ, ಯಾವ ದಿನ, ಅವರ ವಿಳಾಸ ಏನು ಎಂದು ಬರೆದು ರಸೀದಿಯ ಪ್ರತಿ ಇಡಿ. ನೀವು ಆ ದಿನ ಆ ಊರಿನ ಹತ್ತಿರವೂ ಹೋಗಿಲ್ಲ, ನಂಬರ್ ಪ್ಲೇಟ್ ನಕಲಾಗಿರಬೇಕು ಎಂದಾದರೂ ಉತ್ತರ ಹೋಗಬೇಕು. ಗಾಡಿ ಎಲ್ಲಿತ್ತು ಎಂಬುದಕ್ಕೆ ಪುರಾವೆ ಸೇರಿಸಿ.

ಮೂರನೆಯ ಹೆಜ್ಜೆ: ನೆನಪಿಲ್ಲದಿದ್ದರೆ

ನಿಜವಾದ ಕಷ್ಟ ಇಲ್ಲಿದೆ. ಲಂಡನ್ನಿನಿಂದ ಲೀಡ್ಸ್‌ಗೆ ಎಂ1 ಹೆದ್ದಾರಿಯಲ್ಲಿ ಹೋಗುವಾಗ ದಾರಿಬದಿಯ ಸರ್ವಿಸಸ್‌ನಲ್ಲಿ ಕಾಫಿ ಕುಡಿದು ಗಂಡ ಹೆಂಡತಿ ಸೀಟು ಬದಲಿಸಿಕೊಂಡಿದ್ದೀರಿ. ಕ್ಯಾಮೆರಾ ಮಿಂಚಿದ್ದು ಬದಲಿಸುವ ಮೊದಲೋ, ಆಮೇಲೋ? ‘ಇಬ್ಬರಲ್ಲಿ ಒಬ್ಬರು’ ಎಂದು ಬರೆದು ಕೈತೊಳೆದುಕೊಂಡರೆ ಅದು ಉತ್ತರವಲ್ಲ.

ಕಾನೂನು ಒಂದು ಬಾಗಿಲು ತೆರೆದಿಟ್ಟಿದೆ. ಚಾಲಕ ಯಾರೆಂದು ನಿಮಗೆ ಗೊತ್ತಿರಲಿಲ್ಲ, ತಕ್ಕಮಟ್ಟಿನ ಶ್ರದ್ಧೆಯಿಂದ ಹುಡುಕಿದ್ದರೂ ಗೊತ್ತಾಗುತ್ತಿರಲಿಲ್ಲ ಎಂದು ನೀವು ತೋರಿಸಿದರೆ ತಪ್ಪಿತಸ್ಥರಲ್ಲ. ತೋರಿಸಬೇಕಾದವರು ನೀವು, ಪೊಲೀಸರಲ್ಲ. ‘ಶ್ರದ್ಧೆ’ ಎಂದರೆ ಸೋಫಾದ ಮೇಲೆ ಕೂತು ತಲೆ ಕೆರೆದುಕೊಳ್ಳುವುದಲ್ಲ. ಆ ದಿನದ ಕ್ಯಾಲೆಂಡರ್ ತೆಗೆಯಿರಿ. ಬ್ಯಾಂಕ್ ಕಾರ್ಡಿನ ಲೆಕ್ಕದಲ್ಲಿ ಪೆಟ್ರೋಲ್, ಕಾಫಿ, ಪಾರ್ಕಿಂಗ್ ಎಷ್ಟು ಗಂಟೆಗೆ ಎಂದು ನೋಡಿ. ಇಬ್ಬರ ಫೋನಿನ ಕರೆಗಳು, ಸಂದೇಶಗಳು ಬಹಳ ಹೇಳುತ್ತವೆ: 3 ಗಂಟೆ 12 ನಿಮಿಷಕ್ಕೆ ಹೆಂಡತಿ ಅಮ್ಮನಿಗೆ ಫೋಟೋ ಕಳಿಸುತ್ತಿದ್ದಳು ಎಂದರೆ ಸ್ಟಿಯರಿಂಗ್ ಹಿಡಿದವರು ಯಾರು? ಫೋನಿನ ಸ್ಥಳದ ಇತಿಹಾಸ, ಡ್ಯಾಶ್‌ಕ್ಯಾಮ್, ಕಚೇರಿಯ ಹಾಜರಿ, ಜೊತೆಗಿದ್ದವರ ನೆನಪು, ಇನ್ಶೂರೆನ್ಸ್‌ನಲ್ಲಿ ಯಾರ್ಯಾರ ಹೆಸರಿದೆ ಎಂಬುದು, ಎಲ್ಲವನ್ನೂ ನೋಡಿ. ನೋಡಿದ್ದನ್ನು ದಿನಾಂಕ ಸಮೇತ ಒಂದು ಹಾಳೆಯಲ್ಲಿ ಬರೆದಿಡಿ. ನಾಳೆ ಮ್ಯಾಜಿಸ್ಟ್ರೇಟರ ಮುಂದೆ ‘ಪ್ರಯತ್ನಿಸಿದೆ’ ಎಂಬ ಮಾತಿಗಿಂತ ಈ ಹಾಳೆಗೆ ತೂಕ ಹೆಚ್ಚು.

ಕ್ಯಾಮೆರಾದ ಫೋಟೋ ಕೊಡಿ ಎಂದು ಪೊಲೀಸರನ್ನು ಕೇಳಬಹುದು. ಗುರುತಿಸಲು ನೆರವಾಗಲೆಂದು ಕೇಳುತ್ತಿದ್ದೇನೆ ಎಂದು ಹೇಳಿದರೆ ಬಹುತೇಕ ಕೊಡುತ್ತಾರೆ. ಆದರೆ ಅದರಲ್ಲಿ ಮುಖ ಕಾಣುತ್ತದೆಂದು ಆಸೆ ಇಟ್ಟುಕೊಳ್ಳಬೇಡಿ. ರಸ್ತೆ ಬದಿಯ ಗ್ಯಾಟ್ಸೊ ಎಂಬ ಬಗೆಯ ಕ್ಯಾಮೆರಾ ಹಿಂದಿನಿಂದ ತೆಗೆಯುತ್ತದೆ, ಕಾಣುವುದು ನಂಬರ್ ಪ್ಲೇಟು, ಡಿಕ್ಕಿ. ಫೋಟೋದ ಕೆಲಸ ಗಾಡಿಯನ್ನು ಗುರುತಿಸುವುದು. ಅದರಲ್ಲಿ ಮುಖವಿಲ್ಲ ಎಂಬುದು ನಿಮ್ಮ ಗೆಲುವಲ್ಲ, ಮುಖವಿಲ್ಲದ್ದಕ್ಕೇ ತಾನೆ ನಿಮ್ಮನ್ನು ಕೇಳುತ್ತಿರುವುದು. ಇನ್ನು, ಫೋಟೋ ಕೇಳಿದಿರೆಂದು 28 ದಿನದ ಗಡಿಯಾರ ನಿಲ್ಲುವುದಿಲ್ಲ.

ಇಷ್ಟಾದರೂ ತಿಳಿಯದಿದ್ದರೆ ಗಡುವಿನೊಳಗೆ ಒಂದು ಪತ್ರ ಬರೆಯಿರಿ. ಓಡಿಸಿರಬಹುದಾದ ಇಬ್ಬರ ಪೂರ್ತಿ ಹೆಸರು, ವಿಳಾಸ, ಜನ್ಮದಿನ, ಲೈಸೆನ್ಸ್ ಸಂಖ್ಯೆ ಕೊಡಿ. ಹುಡುಕಲು ಏನೇನು ಮಾಡಿದಿರಿ ಎಂದು ಹೇಳಿ. ಸಾಧ್ಯತೆ ಯಾರ ಕಡೆ ಹೆಚ್ಚಿದೆ ಎನ್ನಿಸಿದರೆ, ಏಕೆ ಎಂಬುದನ್ನೂ ಸೇರಿಸಿ. ಹೀಗೆ ಬರೆದರೂ ನ್ಯಾಯಾಲಯಕ್ಕೆ ಹೋಗುವ ಪ್ರಸಂಗ ಬರಬಹುದು. ಇಂಥ ಪ್ರಕರಣದಲ್ಲಿ ವಕೀಲರಿಗೆ ದುಡ್ಡು ಕೊಡುವುದು ವ್ಯರ್ಥವಲ್ಲ ಎಂದು ನನ್ನ ಅನಿಸಿಕೆ. ಉಳಿದ ಸರಳ ಪ್ರಕರಣಗಳಿಗೆ ವಕೀಲರು ಬೇಕಿಲ್ಲ.

ಕಂಪನಿಗಳಿಗೆ ಈ ಬಾಗಿಲು ಇನ್ನೂ ಕಿರಿದು. ಯಾರು ಓಡಿಸಿದರು ಎಂಬ ದಾಖಲೆಯನ್ನೇ ಇಟ್ಟಿರಲಿಲ್ಲ, ಇಡದಿದ್ದದ್ದಕ್ಕೆ ತಕ್ಕ ಕಾರಣವಿತ್ತು ಎಂದು ಅವು ತೋರಿಸಬೇಕು. ನೀವು ಸಣ್ಣ ಐಟಿ ಕಂಪನಿಯೊಂದರ ನಿರ್ದೇಶಕರಾಗಿ ಗಾಡಿಯನ್ನು ಕಂಪನಿ ಹೆಸರಿನಲ್ಲಿ ಇಟ್ಟಿದ್ದರೆ ಒಂದು ನೋಟ್ ಪುಸ್ತಕ ಗಾಡಿಯಲ್ಲೇ ಇರಲಿ. ಕಂಪನಿಗೆ ಪಾಯಿಂಟ್ ಹಾಕಲಾಗದು, ದಂಡ ಮಾತ್ರ. ಆದರೆ ನಿರ್ದೇಶಕರ ಸಮ್ಮತಿಯಿಂದಲೋ ನಿರ್ಲಕ್ಷ್ಯದಿಂದಲೋ ಹಾಗಾಯಿತೆಂದು ಸಾಬೀತಾದರೆ ಅವರನ್ನೂ ಹಿಡಿಯಬಹುದು.

ಸುಳ್ಳು ಹೆಸರು ಬರೆಯುವ ಆಲೋಚನೆ ಬಂದರೆ

ಬರುತ್ತದೆ. ಒಬ್ಬರಿಗೆ 9 ಪಾಯಿಂಟ್ ಆಗಿದೆ, ಇನ್ನೊಬ್ಬರದು ಖಾಲಿ ಇದೆ, ಮನೆಯೊಳಗಿನ ಮಾತು, ಯಾರಿಗೆ ಗೊತ್ತಾಗುತ್ತದೆ?

ಕ್ರಿಸ್ ಹ್ಯೂನ್ ಎಂಬ ರಾಜಕಾರಣಿಗೂ ಹಾಗೇ ಅನ್ನಿಸಿತು. 2003ರಲ್ಲಿ ಎಂ11 ರಸ್ತೆಯಲ್ಲಿ ಅವರ ಗಾಡಿ ಕ್ಯಾಮೆರಾಕ್ಕೆ ಸಿಕ್ಕಿತು. ಆಗಿನ ಪತ್ನಿ, ಅರ್ಥಶಾಸ್ತ್ರಜ್ಞೆ ವಿಕಿ ಪ್ರೈಸ್, ಪಾಯಿಂಟ್‌ಗಳನ್ನು ತಮ್ಮ ಮೇಲೆ ಹಾಕಿಕೊಂಡರು. ಮದುವೆ ಮುರಿದ ಮೇಲೆ ವಿಷಯ ಹೊರಬಂತು. ಅಷ್ಟರಲ್ಲಿ ಹ್ಯೂನ್ ಸಂಪುಟ ಸಚಿವರಾಗಿದ್ದರು. 2013ರ ಮಾರ್ಚ್‌ನಲ್ಲಿ ಇಬ್ಬರಿಗೂ ತಲಾ 8 ತಿಂಗಳ ಸೆರೆವಾಸ. ಹತ್ತು ವರ್ಷದ ಹಿಂದಿನ ಮೂರು ಪಾಯಿಂಟ್‌ಗಳಿಗಾಗಿ! ಅಡಿಕೆಗೆ ಹೋದ ಮಾನದ ಗಾದೆಗೆ ಇದಕ್ಕಿಂತ ಉದಾಹರಣೆ ಬೇಡ. ಅದಾದ ಮೇಲೂ ಪಾಠ ಕಲಿಯದವರಿದ್ದರು. ಪೀಟರ್‌ಬರೋ ಸಂಸದೆ ಫಿಯೋನಾ ಒನಸನ್ಯ 2017ರಲ್ಲಿ 30ರ ಮಿತಿಯಲ್ಲಿ 41ರ ವೇಗಕ್ಕೆ ಸಿಕ್ಕಿಬಿದ್ದಾಗ, ಓಡಿಸಿದ್ದು ಇನ್ನೊಬ್ಬರು ಎಂಬ ಸುಳ್ಳು ಹೋಯಿತು. ಹೆಸರಿಸಿದ ವ್ಯಕ್ತಿ ಆ ದಿನ ದೇಶದಲ್ಲೇ ಇರಲಿಲ್ಲ. 2019ರ ಜನವರಿಯಲ್ಲಿ 3 ತಿಂಗಳ ಶಿಕ್ಷೆ, ಮೇ ತಿಂಗಳಲ್ಲಿ ಸಂಸದರನ್ನು ಸ್ಥಾನದಿಂದ ಇಳಿಸಲು ಮತದಾರರು ಸಹಿ ಹಾಕುವ ‘ರಿಕಾಲ್’ ಅರ್ಜಿಯಿಂದ ಸಂಸತ್ ಸ್ಥಾನವೂ ಹೋಯಿತು.

ಸುಳ್ಳು ಹೇಳಿದರೆ ಅದು ಸೆಕ್ಷನ್ 172ರ ಉಲ್ಲಂಘನೆಯಷ್ಟರಲ್ಲಿ ನಿಲ್ಲದೆ ನ್ಯಾಯದ ದಾರಿ ತಪ್ಪಿಸಿದ ಗಂಭೀರ ಅಪರಾಧವಾಗಬಹುದು. ಕೋರಿದವರು, ಒಪ್ಪಿದವರು, ಇಬ್ಬರೂ ಒಂದೇ ದೋಣಿಯಲ್ಲಿ. ವೀಸಾದ ಮೇಲೆ ಇರುವವರಿಗಂತೂ ಇಂಥ ಶಿಕ್ಷೆಯ ಪರಿಣಾಮ ಗಾಡಿಯ ವಿಷಯಕ್ಕೆ ಸೀಮಿತವಾಗುವುದಿಲ್ಲ.

ನಮ್ಮವರಲ್ಲಿ ಇನ್ನೊಂದು ‘ಉಪಾಯ’ ಕೇಳಿಬರುತ್ತದೆ. ಬೇಸಿಗೆಯಲ್ಲಿ ಬಂದು ಹೋದ ಮಾವನವರ ಹೆಸರು ಬರೆದುಬಿಡಿ, ಅವರು ಈಗ ಮೈಸೂರಿನಲ್ಲಿ ಹಾಯಾಗಿದ್ದಾರೆ, ಯಾರು ಹುಡುಕಿಕೊಂಡು ಹೋಗುತ್ತಾರೆ ಎಂದು. ಪೊಲೀಸರಿಗೆ ಇದು ಹಳೆಯ ಕತೆ. ಅವರು ಕೇಳುವ ಪ್ರಶ್ನೆಗಳು ಸರಳ. ಆ ದಿನ ಅವರು ಈ ದೇಶದಲ್ಲಿದ್ದರೇ? ಲೈಸೆನ್ಸ್ ಪ್ರತಿ ಎಲ್ಲಿ? ಯಾವ ಇನ್ಶೂರೆನ್ಸ್ ಮೇಲೆ ಓಡಿಸಿದರು? ಮಾವನವರು ನಿಜವಾಗಿಯೂ ಓಡಿಸಿದ್ದರೆ ಅವರ ಹೆಸರು ಬರೆಯಬೇಕು, ಪ್ರವಾಸಿಯಾಗಿ ಬಂದವರು ಭಾರತದ ಲೈಸೆನ್ಸಿನ ಮೇಲೆ 12 ತಿಂಗಳವರೆಗೆ ಸಾಮಾನ್ಯ ಕಾರು ಓಡಿಸಬಹುದು. ಆದರೆ ನಿಮ್ಮ ಪಾಲಿಸಿಯಲ್ಲಿ ಅವರನ್ನು ಸೇರಿಸಿರಲಿಲ್ಲ ಎಂದರೆ, ವಿಮೆಯಿಲ್ಲದೆ ಓಡಿಸಲು ಬಿಟ್ಟ ತಪ್ಪು ನಿಮ್ಮದಾಗುತ್ತದೆ, ಅದಕ್ಕೂ 6ರಿಂದ 8 ಪಾಯಿಂಟ್. ಸತ್ಯ ಹೇಳಿದರೆ ಈ ಕಷ್ಟ ಬರಬಹುದು. ಆದರೂ ಸುಳ್ಳಿಗಿಂತ ಅದೇ ಅಗ್ಗ.

‘ನನ್ನ ವಿರುದ್ಧ ನಾನೇ ಸಾಕ್ಷಿ ಹೇಳಬೇಕೇ’ ಎಂದು ಕೇಳುವವರೂ ಇದ್ದಾರೆ. ಒಳ್ಳೆಯ ಪ್ರಶ್ನೆಯೇ. ಮೌನದ ಹಕ್ಕು ಮುರಿಯುತ್ತದೆಂದು ಇಬ್ಬರು ಚಾಲಕರು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯದವರೆಗೂ ಹೋಗಿದ್ದರು. 2007ರ ಜೂನ್‌ನಲ್ಲಿ ಆ ನ್ಯಾಯಾಲಯದ ದೊಡ್ಡ ಪೀಠ ಅವರ ವಾದ ಒಪ್ಪಲಿಲ್ಲ. ಗಾಡಿ ಇಟ್ಟುಕೊಂಡು ಓಡಿಸುವವರು ಅದಕ್ಕೆ ಅಂಟಿಕೊಂಡ ಹೊಣೆಯನ್ನೂ ಒಪ್ಪಿಕೊಂಡಂತೆಯೇ ಎಂಬುದು ತೀರ್ಪಿನ ಸಾರ. ಆ ದಾರಿ ಮುಚ್ಚಿದೆ.

ನಾಲ್ಕನೆಯ ಹೆಜ್ಜೆ: ತುಂಬಿ, ಸಹಿ ಹಾಕಿ, ಪುರಾವೆ ಇಟ್ಟುಕೊಳ್ಳಿ

ಎಲ್ಲ ಖಾನೆ ತುಂಬಿ. ಸಹಿ ಮರೆಯಬೇಡಿ. ಸಹಿ ಇಲ್ಲದ ನಮೂನೆ ಕಳಿಸಿ ತಪ್ಪಿಸಿಕೊಳ್ಳುವ ಜಾಣತನವನ್ನು ಎರಡು ಸಾವಿರದ ಆರಂಭದ ವರ್ಷಗಳಲ್ಲಿ ಹಲವರು ಪ್ರಯತ್ನಿಸಿದರು, ಸಹಿಯಿಲ್ಲದ್ದು ಉತ್ತರವೇ ಅಲ್ಲ ಎಂದು 2004ರಲ್ಲಿ ಹೈಕೋರ್ಟ್ ಹೇಳಿತು. ಆನ್‌ಲೈನ್‌ನಲ್ಲಿ ಉತ್ತರಿಸಲು ನೋಟಿಸಿನಲ್ಲೇ ಅವಕಾಶ ಕೊಟ್ಟಿದ್ದರೆ ಅದು ಸುಲಭ, ಕೊನೆಗೆ ಬರುವ ದೃಢೀಕರಣದ ಪುಟವನ್ನು ಉಳಿಸಿಕೊಳ್ಳಿ. ಅಂಚೆಯಲ್ಲಿ ಕಳಿಸುವುದಾದರೆ ಎರಡೂ ಬದಿಯ ಫೋಟೋ ತೆಗೆದುಕೊಂಡು, ಪೋಸ್ಟ್ ಆಫೀಸಿನ ಕೌಂಟರಿನಲ್ಲಿ ಕೊಟ್ಟು ‘ಸರ್ಟಿಫಿಕೇಟ್ ಆಫ್ ಪೋಸ್ಟಿಂಗ್’ ಕೇಳಿ. ಪುಕ್ಕಟೆ ಕೊಡುತ್ತಾರೆ. ಕಳಿಸಿದ್ದೆ ಎಂಬ ಮಾತಿಗೆ ಮುಂದೆ ಬಲ ಕೊಡುವುದು ಆ ಚೀಟಿಯೇ. ಕೆಂಪು ಡಬ್ಬಕ್ಕೆ ಹಾಕಿ ಬಂದವರ ಬಳಿ ಏನೂ ಇರುವುದಿಲ್ಲ. ಎರಡು ವಾರದಲ್ಲಿ ಮುಂದಿನ ಕಾಗದ ಬರದಿದ್ದರೆ ನೋಟಿಸಿನಲ್ಲಿರುವ ಕಚೇರಿಯನ್ನು ಕೇಳಿ. ಅಂಚೆಯಲ್ಲಿ ಕಳೆದುಹೋಗಿದ್ದರೆ ಅದೇ ಪ್ರತಿಯನ್ನು ಮತ್ತೆ ಕಳಿಸಿ.

ನನ್ನ ಗೆಳೆಯನಂತೆ ಗಡುವು ದಾಟಿಹೋಗಿದ್ದರೆ? ಇಂದೇ ಉತ್ತರಿಸಿ. ಗಡುವು ಮುಗಿದ ಮೇಲೆ ಸಾಧ್ಯವಾದಷ್ಟು ಬೇಗ ಮಾಹಿತಿ ಕೊಟ್ಟೆ, ಅಥವಾ ಸಮಯಕ್ಕೆ ಕೊಡುವುದು ಕಾರ್ಯಸಾಧ್ಯವಿರಲಿಲ್ಲ ಎಂದು ತೋರಿಸಿದರೆ ಕಾನೂನು ಅದನ್ನು ಒಪ್ಪುತ್ತದೆ. ಆಸ್ಪತ್ರೆಯಲ್ಲಿದ್ದಿರೋ, ಊರಿಗೆ ಹೋಗಿದ್ದಿರೋ, ವಿಮಾನದ ಟಿಕೆಟ್, ಆಸ್ಪತ್ರೆಯ ಕಾಗದ ಜೊತೆಗಿರಲಿ.

ಆಮೇಲೆ ಏನಾಗುತ್ತದೆ

ನಾನೇ ಓಡಿಸಿದ್ದು ಎಂದು ಒಪ್ಪಿದ ಮೇಲೆ ವೇಗಕ್ಕೆ ತಕ್ಕಂತೆ ಮೂರು ದಾರಿ. ಮಿತಿ ಸ್ವಲ್ಪ ಮೀರಿದ್ದರೆ, ಹಿಂದಿನ 3 ವರ್ಷದಲ್ಲಿ ಇಂಥ ಕೋರ್ಸಿಗೆ ಹೋಗಿಲ್ಲದಿದ್ದರೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸ್ಪೀಡ್ ಅವೇರ್‌ನೆಸ್ ಕೋರ್ಸ್ ಸಿಗಬಹುದು: ಶುಲ್ಕ ಕಟ್ಟಬೇಕು, ಪಾಯಿಂಟ್ ಇಲ್ಲ. ಸಿಕ್ಕರೆ ಹಿಂದೆ ಮುಂದೆ ನೋಡದೆ ತೆಗೆದುಕೊಳ್ಳಿ. ಉತ್ತರ ತಡವಾದಷ್ಟೂ ಇದು ಕೈತಪ್ಪುವ ಸಾಧ್ಯತೆ ಹೆಚ್ಚು. ಅದಿಲ್ಲದಿದ್ದರೆ 100 ಪೌಂಡ್, 3 ಪಾಯಿಂಟ್. ವೇಗ ತೀರಾ ಹೆಚ್ಚಿದ್ದರೆ ನ್ಯಾಯಾಲಯ, ಅಲ್ಲಿ 3ರಿಂದ 6 ಪಾಯಿಂಟ್ ಅಥವಾ ಚಾಲನೆಗೆ ನಿಷೇಧ.

ಇಲ್ಲಿಯ ಟೆಸ್ಟ್ ಪಾಸಾಗಿ 2 ವರ್ಷದೊಳಗೆ 6 ಪಾಯಿಂಟ್ ಆದರೆ ಲೈಸೆನ್ಸ್ ರದ್ದು, ಎಲ್ ಬೋರ್ಡು ಹಾಕಿಕೊಂಡು ಥಿಯರಿಯಿಂದ ಮತ್ತೆ ಶುರು. ಭಾರತದ ಲೈಸೆನ್ಸನ್ನು ಇಲ್ಲಿ ಬದಲಾಯಿಸಿಕೊಡುವುದಿಲ್ಲವಾದ್ದರಿಂದ ನಮ್ಮಲ್ಲಿ ನಲವತ್ತರ ವಯಸ್ಸಿನವರೂ ಈ ‘ಹೊಸ ಚಾಲಕ’ರ ಸಾಲಿಗೆ ಸೇರುತ್ತಾರೆ. ಇಂಥವರಿಗೆ ಉತ್ತರಿಸದಿರುವ ಒಂದೇ ತಪ್ಪು ಸಾಕು. ಉಳಿದವರಿಗೂ 3 ವರ್ಷದಲ್ಲಿ 12 ಪಾಯಿಂಟ್ ಆದರೆ ಕನಿಷ್ಠ 6 ತಿಂಗಳ ನಿಷೇಧ ಕಾದಿದೆ. ಉತ್ತರಿಸದ ತಪ್ಪಿಗೆ ಲೈಸೆನ್ಸ್ ದಾಖಲೆಯಲ್ಲಿ ಬೀಳುವ ಗುರುತು ಎಂಎಸ್90. 4 ವರ್ಷ ಅಲ್ಲೇ ಇರುತ್ತದೆ, ಇನ್ಶೂರೆನ್ಸ್ ಕಂಪನಿಗಳು ಅದನ್ನು ಸಾಮಾನ್ಯ ಸ್ಪೀಡಿಂಗಿಗಿಂತ ಕೆಟ್ಟ ಕಣ್ಣಿನಲ್ಲಿ ನೋಡುತ್ತವೆ.

ಏನೂ ಉತ್ತರಿಸದೆ ಇದ್ದರೆ ಕೆಲ ತಿಂಗಳ ಮೇಲೆ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ, ‘ಸಿಂಗಲ್ ಜಸ್ಟಿಸ್ ಪ್ರೊಸೀಜರ್ ನೋಟಿಸ್’ (ಒಬ್ಬ ಮ್ಯಾಜಿಸ್ಟ್ರೇಟರು ಕಾಗದದ ಮೇಲೆಯೇ ತೀರ್ಮಾನಿಸುವ ಕ್ರಮದ ನೋಟಿಸ್) ಬರುತ್ತದೆ. ಅದಕ್ಕೆ ಉತ್ತರಿಸಲು 21 ದಿನ. ಅದರಲ್ಲಿ ಸ್ಪೀಡಿಂಗ್, ಉತ್ತರಿಸದಿರುವುದು ಎರಡನ್ನೂ ನಮೂದಿಸಿದ್ದರೆ ಆತುರದಲ್ಲಿ ಎರಡಕ್ಕೂ ತಪ್ಪೊಪ್ಪಿಕೊಳ್ಳಬೇಡಿ. ಓಡಿಸಿದ್ದು ನೀವೇ ಆಗಿದ್ದರೆ, ಸ್ಪೀಡಿಂಗನ್ನು ಒಪ್ಪಿಕೊಂಡು ಇನ್ನೊಂದನ್ನು ಕೈಬಿಡುವಂತೆ ಪ್ರಾಸಿಕ್ಯೂಷನ್ ಕಡೆಯವರನ್ನು ನ್ಯಾಯಾಲಯದಲ್ಲಿ ಕೇಳುವುದು ವಾಡಿಕೆಯಲ್ಲಿದೆ, ಸಾಮಾನ್ಯವಾಗಿ ಒಪ್ಪುತ್ತಾರೆ. ಆರರ ಬದಲು ಮೂರು ಪಾಯಿಂಟಿಗೆ ಮುಗಿಯಬಹುದು. ನನ್ನ ಗೆಳೆಯನಿಗೆ ಇದನ್ನು ಯಾರೂ ಹೇಳಿರಲಿಲ್ಲ.

ಮನೆ ಬದಲಿಸಿದ್ದರಿಂದ ಒಂದು ಕಾಗದವೂ ಕೈಗೆ ಸಿಗದೆ, ನೇರವಾಗಿ ದಂಡ ವಸೂಲಿಯವರೇ ಬಾಗಿಲು ತಟ್ಟಿದ್ದುಂಟು. ಆಗಲೂ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದಾರಿಯಿದೆ. ಪ್ರಕರಣದ ಬಗ್ಗೆ ತಿಳಿದ 21 ದಿನದೊಳಗೆ, ನನಗೆ ಇದು ಗೊತ್ತೇ ಇರಲಿಲ್ಲ ಎಂದು ‘ಸ್ಟ್ಯಾಚುಟರಿ ಡಿಕ್ಲರೇಷನ್’ ಮಾಡಿದರೆ ಶಿಕ್ಷೆ ರದ್ದಾಗಿ ಪ್ರಕರಣ ಮೊದಲಿನಿಂದ ನಡೆಯುತ್ತದೆ. ಅದು ಪ್ರಮಾಣ ಮಾಡಿ ಹೇಳುವ ಮಾತು, ಲಕೋಟೆ ಬಂದದ್ದು ಗೊತ್ತಿದ್ದವರಿಗೆ ಅಲ್ಲ. ಈ ಪ್ರಸಂಗವೇ ಬರಬಾರದೆಂದರೆ ಮನೆ ಬದಲಿಸಿದ ವಾರವೇ ಲಾಗ್ ಬುಕ್ ಮತ್ತು ಲೈಸೆನ್ಸ್ ಎರಡರಲ್ಲೂ ವಿಳಾಸ ಬದಲಿಸಿ. ಎರಡೂ ಪುಕ್ಕಟೆ. ಒಂದನ್ನು ಬದಲಿಸಿದರೆ ಇನ್ನೊಂದು ತಾನಾಗಿ ಬದಲಾಗುವುದಿಲ್ಲ.